ತುಪ್ಪ ಬೇರೆ, ಮುದ್ದೆ ಬೇರೆ

ನನ್ನ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡಿದೆ ಎಂದು ಡಾಕ್ಟರು ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಭಯ ಆಮೇಲೆ ಬಂತು. ನಾನು ಕುಡಿಯುವವನಲ್ಲ, ಸೇದುವವನಲ್ಲ. ಹಿರೇಹಳ್ಳಿಯ ಒಂದು ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿ ದಿನವಿಡೀ ನಿಂತು ಕೆಲಸ ಮಾಡುವವನು. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು, ನಿಜ. ತುಮಕೂರಿನಲ್ಲಿ ನಲವತ್ತು ದಾಟಿದ ಯಾವ ಗಂಡಸಿಗೆ ಬಂದಿಲ್ಲ ಹೇಳಿ. ಹಾಗೆಂದು ವಾದ ಮಾಡೋಣವೆಂದರೆ, ಆ ಲಿವರ್ ನನ್ನೊಬ್ಬನದಾಗಿರಲಿಲ್ಲ. ಅದರಲ್ಲಿ ಒಂದು ತುಂಡನ್ನು ಅಕ್ಕನಿಗೆ ಕೊಡಬೇಕಾಗಿತ್ತು.

ಅಕ್ಕನನ್ನು ಕೊಟ್ಟಿರುವುದು ಗುಬ್ಬಿಗೆ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅಮ್ಮ ಹೋದಾಗ ನನಗೆ ಏಳು. ಅಲ್ಲಿಂದ ನನ್ನ ತಲೆಗೆ ಎಣ್ಣೆ ಹಚ್ಚಿದ್ದು, ಹಲ್ಲುನೋವಿಗೆ ಲವಂಗ ಇಟ್ಟದ್ದು, ಮಗ್ಗಿ ತಪ್ಪಿದರೆ ಬೆನ್ನಿಗೆ ಗುದ್ದಿದ್ದು ಎಲ್ಲಾ ಅವಳೇ. ಮದುವೆಯಾಗಿ ಹೋಗುವಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಭಾವ ಒಳ್ಳೆಯವರು, ತೋಟದ ಕೆಲಸ ಬಿಟ್ಟರೆ ಇನ್ನೊಂದು ಗೊತ್ತಿಲ್ಲದವರು, ಒಂದು ಮಾತೂ ಆಡಲಿಲ್ಲ. ಹೈಸ್ಕೂಲು ಮುಗಿಯುವ ತನಕ ನಾನು ಉಂಡದ್ದು ಅಕ್ಕ ಇಕ್ಕಿದ್ದನ್ನೇ.

ಅವಳು ಇಕ್ಕುವುದು ಹೇಗೆಂದರೆ, ಬಿಸಿ ಮುದ್ದೆಯನ್ನು ತಟ್ಟೆಗೆ ಹಾಕಿ, ಹೆಬ್ಬೆರಳಿನಿಂದ ನೆತ್ತಿಯಲ್ಲಿ ಒಂದು ಕುಳಿ ಒತ್ತಿ, ಅದು ತುಂಬಿ ಹರಿಯುವಷ್ಟು ತುಪ್ಪ ಬಿಡುತ್ತಾಳೆ. ಬೇಡ ಎಂದು ಕೈ ಅಡ್ಡ ಹಿಡಿದರೆ ಕೈ ಮೇಲೆಯೇ ಬಿಡುತ್ತಾಳೆ. ಸಂಜೆ ಕಾಫಿಯ ಹೊತ್ತಿಗೆ ಕೊಬ್ಬರಿ, ಬೆಲ್ಲ. ತೋಟದ ಮನೆಯಲ್ಲಿ ಕೊಬ್ಬರಿಗೇನು ಬರ. ಅವಳೂ ಅದನ್ನೇ ತಿಂದಳು, ಎಲ್ಲರೂ ಉಂಡಾದ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನೂ ತಿಂದಳು. ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷವಾದರೂ ಮಾತ್ರೆ ನುಂಗಿ ಸುಮ್ಮನಿದ್ದಳು. ಕೊನೆಗೆ ಕಾಲು ಊದಿಕೊಂಡು, ಕಣ್ಣು ಹಳದಿಯಾದಾಗ ಲಿವರ್ ಕಲ್ಲಿನಂತಾಗಿದೆ ಎಂದು ತಿಳಿಯಿತು. ಹನಿ ಹೆಂಡ ಮುಟ್ಟದವಳಿಗೆ ಇದು ಹೇಗೆ ಬಂತೆಂದು ಊರೆಲ್ಲ ಪಿಸುಗುಟ್ಟಿತು. ಕೊಬ್ಬು ಕೂತೂ ಕೂತೂ ಹೀಗಾಗುತ್ತದೆ ಎಂದರು ಬೆಂಗಳೂರಿನ ಡಾಕ್ಟರು. ಬೇರೆ ಲಿವರ್ ಹಾಕದೆ ಗತಿಯಿಲ್ಲ ಎಂದೂ ಹೇಳಿದರು.

ರಕ್ತದ ಗುಂಪು ಹೊಂದಿದ್ದು ನನ್ನದು. ಆದರೆ ನನ್ನ ಲಿವರೂ ಅದೇ ದಾರಿ ಹಿಡಿದಿತ್ತು. "ಎರಡು ತಿಂಗಳು ಟೈಮ್ ಕೊಡ್ತೀನಿ. ತೂಕ ಇಳಿಸ್ಕೊಂಡು ಬನ್ನಿ, ಮತ್ತೆ ಸ್ಕ್ಯಾನ್ ಮಾಡೋಣ. ಅದಕ್ಕಿಂತ ಜಾಸ್ತಿ ನಿಮ್ಮಕ್ಕ ಕಾಯೋ ಹಾಗಿಲ್ಲ," ಎಂದರು ಡಾಕ್ಟರು.

ಅಕ್ಕನಿಗೆ ಮಾತ್ರ ಇದನ್ನು ಹೇಳಲಿಲ್ಲ. ತಮ್ಮನ ಹೊಟ್ಟೆ ಕೊಯ್ಯುತ್ತಾರೆ ಎಂದರೆ ಅವಳು ಅವತ್ತೇ ಮಾತ್ರೆಗಳನ್ನೂ ತೆಂಗಿನ ಗುಂಡಿಗೆ ಎಸೆದು ಕೂರುತ್ತಿದ್ದಳು. ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಿದ್ದೇವೆ, ಯಾರದಾದರೂ ಸಿಗುತ್ತದೆ ಎಂದು ಭಾವನೂ ನಾನೂ ಸೇರಿ ಸುಳ್ಳು ಹೇಳಿದೆವು. "ನಂದೇನೈತೆ ಬುಡ್ಲಾ, ಇಷ್ಟ್ ದಿನ ಬದುಕಿದ್ದಾಯ್ತು," ಎಂದಳು.

ತುಮಕೂರಿನಲ್ಲಿ ನನಗೆ ಊಟದ ಪಥ್ಯ ಬರೆದುಕೊಟ್ಟದ್ದು ಒಬ್ಬ ಚಿಕ್ಕ ಹುಡುಗಿ. ಡಯಟಿಶಿಯನ್ ಅಂತೆ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ನಾನು ಏನೇನು ತಿನ್ನುತ್ತೇನೆ ಎಂದು ಕೇಳಿದಳು. ಭಾನುವಾರದ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ, ಮುದ್ದೆ ತುಪ್ಪ, ಕೊಬ್ಬರಿ ಬೆಲ್ಲ, ಹೋಳಿಗೆ ಎಲ್ಲವನ್ನೂ ಒಪ್ಪಿಸಿದೆ. ಅವಳು ಬರೆಯುವುದನ್ನು ನಿಲ್ಲಿಸಿ ನಕ್ಕಳು. "ಸಾರ್, ನೀವು ತಿನ್ನೋದೆಲ್ಲಾ ಜೋಡಿ. ಹಿಟ್ಟಿನ ಜೊತೆ ಜಿಡ್ಡು, ಸಿಹಿ ಜೊತೆ ಜಿಡ್ಡು. ಈ ಜೋಡಿ ಸೇರಿದ್ರೆ ಸಾಕು ಅನ್ಸೋದೇ ಇಲ್ಲ, ಕೈ ನಿಲ್ಲಲ್ಲ. ಮೊದ್ಲು ಜೋಡಿ ಬಿಡಿಸಿ."

ಬಿಡಿಸು ಎಂದಳಲ್ಲ, ಬಿಡಿಸಿದೆ. ನಮ್ಮ ಬುದ್ಧಿ ನೋಡಿ. ಮಧ್ಯಾಹ್ನ ತುಪ್ಪವಿಲ್ಲದ ಮುದ್ದೆ ಉಂಡೆ, ಒಂದರ ಬದಲು ಎರಡು. ತುಪ್ಪ ಇಲ್ಲವಲ್ಲ, ಇನ್ನೇನು. ನಾಲ್ಕು ಗಂಟೆಗೆ ಬೆಲ್ಲ ಮುಟ್ಟದೆ ಅರ್ಧ ಗಿಟುಕು ಕೊಬ್ಬರಿಯನ್ನು ಹಾಗೇ ಅಗಿದೆ. ಬೆಲ್ಲವನ್ನು ಬೆಳಗಿನ ಕಾಫಿಯ ಜೊತೆ ತಿಂದೆ. ತುಪ್ಪದ ಆಸೆಯಾದರೆ ಒಂದು ಚಮಚ ಬರೀ ತುಪ್ಪ ನೆಕ್ಕಿದೆ. ಮೂರು ವಾರ ಈ ಕಠೋರ ವ್ರತ ಮಾಡಿ ತಕ್ಕಡಿ ಹತ್ತಿದರೆ ತೂಕ ಒಂದು ಕೆ.ಜಿ. ಏರಿತ್ತು. ಆ ಹುಡುಗಿಯನ್ನು ಬಾಯಿಗೆ ಬಂದಂತೆ ಬೈದುಕೊಂಡು ಮನೆಗೆ ಬಂದೆ.

ನನ್ನ ಹೆಂಡತಿ ಕುಣಿಗಲ್‌ನಲ್ಲಿ ಹೈಸ್ಕೂಲ್ ಟೀಚರು, ವಿಜ್ಞಾನ ಹೇಳಿಕೊಡುತ್ತಾಳೆ. ದಿನಾ ಹೆಬ್ಬೂರಿನ ಮೇಲೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವತ್ತು ಬ್ಯಾಗು ಕೆಳಗಿಡುವ ಮೊದಲೇ ನನ್ನ ಸಂಕಟವನ್ನು ಕೇಳಿಸಿಕೊಂಡಳು. ಮುಖ ತೊಳೆದು ಬಂದು ಎದುರಿಗೆ ಕೂತಳು.

"ರೀ, ನೀವು ಬೆಳಗ್ಗೆ ತಿಂದಿದ್ದೂ ಸಂಜೆ ತಿಂದಿದ್ದೂ ಹೋಗೋದು ಒಂದೇ ಮೈಗೆ ತಾನೇ? ಮುದ್ದೆ ಉಂಡ್ರೆ ಮೈ ಮೊದ್ಲು ಅದ್ರ ಸಕ್ಕರೆನ ಖರ್ಚು ಮಾಡುತ್ತೆ. ಅಷ್ಟೊತ್ತು ಜಿಡ್ಡನ್ನ ಕರಗಿಸೋ ಕೆಲಸ ನಿಧಾನ ಆಗುತ್ತೆ, ಜೊತೆಗೆ ಬಂದ ತುಪ್ಪನ ಎತ್ತಿಡುತ್ತೆ. ಅದು ನಿಜ. ಆದ್ರೆ ಆಮೇಲೆ ಹೊಟ್ಟೆ ಖಾಲಿ ಬಿಟ್ರೆ ತಾನೇ ಎತ್ತಿಟ್ಟಿದ್ದನ್ನ ತೆಗೆಯೋದು? ನೀವು ಬಿಟ್ಟೇ ಇಲ್ವಲ್ಲ."

"ಮತ್ತೆ ಆ ಹುಡುಗಿ ಬಿಡಿಸಿ ಅಂದ್ಳಲ್ಲೇ?"

"ಬಿಡಿಸಿದ್ರೆ ರುಚಿ ಕಮ್ಮಿಯಾಗಿ ನೀವು ಕಮ್ಮಿ ತಿಂತೀರಿ ಅಂತ. ಬರೀ ಮುದ್ದೆನೂ ಎರಡು ನುಂಗೋ ಗಂಡಸು ಇದಾನೆ ಅಂತ ಆ ಮಗೂಗೆ ಹೇಗೆ ಗೊತ್ತಿರುತ್ತೆ?"

ಉಳಿದದ್ದು ಐದು ವಾರ. ಮಾರನೆಯ ದಿನದಿಂದ ಅವಳೇ ನನ್ನ ಡಬ್ಬಿ ಕಟ್ಟತೊಡಗಿದಳು. ನಿಂಬೆಹಣ್ಣಿನ ಗಾತ್ರದ ಮುದ್ದೆ, ಒಗ್ಗರಣೆಗೆ ಎರಡೇ ಹನಿ ಎಣ್ಣೆ ತೋರಿಸಿದ ಸೊಪ್ಪಿನ ಸಾರು, ಬೇಯಿಸಿದ ಹೆಸರುಕಾಳು, ಸೌತೆಕಾಯಿ. ಬೆಳಗ್ಗೆ ಒಂದು ಗಂಟೆ ನಡಿಗೆ. ಹಸಿವು ಎಂದರೆ ಏನೆಂದು ನನಗೆ ಆ ವಯಸ್ಸಿನಲ್ಲಿ ಗೊತ್ತಾಯಿತು. ಫ್ಯಾಕ್ಟರಿಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದೆ. ಆದರೆ ತೂಕ ಇಳಿಯತೊಡಗಿತು.

ಕಷ್ಟವಿದ್ದದ್ದು ಭಾನುವಾರ. ಪ್ರತಿ ಭಾನುವಾರ ಗುಬ್ಬಿಗೆ ಹೋಗಿ ಅಕ್ಕನನ್ನು ನೋಡಿ ಬರುವುದು ನನ್ನ ರೂಢಿ. ಮೊದಲ ಭಾನುವಾರ ಹೊಟ್ಟೆ ಸರಿಯಿಲ್ಲ ಎಂದು ಊಟ ತಪ್ಪಿಸಿಕೊಂಡೆ. ಊದಿದ ಕಾಲಲ್ಲಿ ನಿಂತು ಮಾಡಿದ ಹೋಳಿಗೆಯನ್ನು ಅವಳು ಸುಮ್ಮನೆ ಮುಚ್ಚಿಟ್ಟಳು. ಎರಡನೆಯ ಭಾನುವಾರ ನನ್ನ ಡಬ್ಬಿಯನ್ನೇ ಒಯ್ದೆ. ಒಡಹುಟ್ಟಿದವಳ ಮನೆಗೆ ಡಬ್ಬಿ ಕಟ್ಟಿಕೊಂಡು ಹೋಗಿ, ಅವಳ ಎದುರಿಗೇ ಬಿಚ್ಚಿಕೊಂಡು ಉಂಡವನು ನಾನು. ಡಾಕ್ಟರು ಹೇಳಿದ್ದಾರೆ, ಬಿ.ಪಿ. ಇದೆ ಎಂದೇನೋ ಗೊಣಗಿದೆ. ಅವಳು ಕಂಬಕ್ಕೆ ಒರಗಿ ಕೂತು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂರನೆಯ ಭಾನುವಾರ ಹೋದಾಗ ನಡುಮನೆಯಲ್ಲಿ ಒಂದು ಕಾಗದದ ತಟ್ಟೆ, ಪಕ್ಕದಲ್ಲಿ ಅಂಗಡಿಯಿಂದ ತಂದ ನೀರಿನ ಬಾಟಲಿ ಇತ್ತು. ಅಕ್ಕ ದೂರದಲ್ಲಿ, ಹಿತ್ತಲ ಬಾಗಿಲ ಹತ್ತಿರ ಕೂತಿದ್ದಳು.

"ಯಾರಿಗಕ್ಕ ಇದು?"

"ನಿಂಗೇ ಕಣ್ಲಾ. ಹೊಸ ತಟ್ಟೆ. ಅಡಿಗೆ ಪಕ್ಕದ್ಮನೆಯೋಳು ಮಾಡವ್ಳೆ, ನಾನು ಮುಟ್ಟಿಲ್ಲ. ಈಗ್ಲಾದ್ರೂ ಒಂದ್ ತುತ್ತು ಉಣ್ಲಾ."

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವಳ ಕಾಯಿಲೆ ನನಗೆ ಅಂಟುತ್ತದೆ ಎಂದು ಹೆದರಿ, ಅವಳ ಕೈಯಡುಗೆಯನ್ನು ಹೇಸಿ ಬಿಟ್ಟಿದ್ದೇನೆ ಎಂದುಕೊಂಡಿದ್ದಳು ಅಕ್ಕ. ಹದಿನೈದು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇದ್ದಳು. ನನ್ನ ಮೇಲೆ ಕೋಪ ಮಾಡಿಕೊಳ್ಳುವ ಬದಲು ಪಕ್ಕದ ಮನೆಯವಳ ಹತ್ತಿರ ಹೋಗಿ, ನನ್ನ ತಮ್ಮನಿಗೆ ಅಡುಗೆ ಮಾಡಿಕೊಡು ಎಂದು ಕೇಳಿದ್ದಳು.

ನಾನು ಅತ್ತುಬಿಟ್ಟೆ. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಲಿವರ್ ಕೊಡುವವನು ನಾನೇ, ಪಟ್ಟಿ ಗಿಟ್ಟಿ ಎಲ್ಲಾ ಸುಳ್ಳು, ತುಪ್ಪ ಬಿಟ್ಟದ್ದು ಅದಕ್ಕೇ ಎಂದೆ. ಅವಳು ಭಾವನ ಮುಖ ನೋಡಿದಳು. ಅವರು ತಲೆ ತಗ್ಗಿಸಿದರು.

"ನಂಗ್ ಬೇಡ. ಹೆಣ್ಮಗ ಐತೆ ನಿಂಗೆ. ನಿನ್ ಮೈ ಕುಯ್ಸಿ ನಾನ್ ಬದುಕ್ಬೇಕಾ? ಏಳ್ಲಾ, ನಡಿ ಮನೆಗೆ."

"ನಾನು ಕೊಟ್ಟೇ ಕೊಡ್ತೀನಿ."

"ನಾ ಇಸ್ಕಂಡ್ರೆ ತಾನೆ," ಎಂದು ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ವಾರ ನನ್ನ ಫೋನು ಎತ್ತಲಿಲ್ಲ. ನಾನು ಹಟ ಹಿಡಿದು ಹೆಸರುಕಾಳು ತಿನ್ನುತ್ತಲೇ ಇದ್ದೆ, ಆದರೆ ಯಾರಿಗಾಗಿ ತಿನ್ನುತ್ತಿದ್ದೇನೆ ಎಂದು ದಿನಾ ಅನ್ನಿಸುತ್ತಿತ್ತು. ಶನಿವಾರ ಸಂಜೆ ಹೆಂಡತಿ ಬಸ್ಸಿಳಿದು ಬಂದವಳೇ, "ಅತ್ತಿಗೆ ಸ್ಕೂಲಿಗೆ ಫೋನ್ ಮಾಡಿದ್ರು. ನಿಮ್ಮ ಊಟ ಹೇಗೆ ಮಾಡೋದು ಅಂತ ಕೇಳ್ಕೊಂಡ್ರು," ಎಂದಳು.

ಆಮೇಲೆ ಸ್ಕ್ಯಾನಿನಲ್ಲಿ ನನ್ನ ಕೊಬ್ಬು ಇಳಿದದ್ದು, ಆಪರೇಷನ್ ಆದದ್ದು, ಅಕ್ಕತಮ್ಮ ಇಬ್ಬರೂ ಈಗ ಓಡಾಡಿಕೊಂಡಿರುವುದು ನೆಂಟರಿಗೆಲ್ಲ ಗೊತ್ತಿದೆ. ಅವರಿಗೆ ಗೊತ್ತಿಲ್ಲದ್ದು ಮಾರನೆಯ ದಿನದ, ಆ ನಾಲ್ಕನೆಯ ಭಾನುವಾರದ ಊಟ.

ಅಕ್ಕ ತನ್ನ ಕೈಯಾರೆ ಅಡುಗೆ ಮಾಡಿದ್ದಳು. ಸ್ಟೀಲಿನ ತಟ್ಟೆಯಲ್ಲಿ ಚಿಕ್ಕ ಮುದ್ದೆ, ನೀರಾದ ಸೊಪ್ಪಿನ ಸಾರು, ಹುರುಳಿಕಾಳು. ತುಪ್ಪದ ಗಿಣ್ಣಲು ಅಡುಗೆಮನೆಯಿಂದ ಆಚೆಗೇ ಬರಲಿಲ್ಲ. ನನ್ನ ಎದುರಿಗೆ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತಳು. ನಾಲ್ಕೇ ತುತ್ತಿಗೆ ಮುದ್ದೆ ಮುಗಿಯಿತು. ಒಂದು ತಿಂಗಳಾದ ಮೇಲೆ ಅವಳ ಕೈಯ ಸಾರು ನಾಲಿಗೆಗೆ ಬಿದ್ದಿತ್ತು, ನನ್ನ ಹಸಿವು ಕೆರಳಿಬಿಟ್ಟಿತು. ತಟ್ಟೆಯನ್ನು ಮುಂದಕ್ಕೆ ತಳ್ಳಿ, "ಇನ್ನೊಂಚೂರು ಹಾಕಕ್ಕ," ಎಂದೆ.

ಅಕ್ಕ ತಟ್ಟೆ ಎತ್ತಿಕೊಂಡು ಬೆನ್ನ ಹಿಂದೆ ಇಟ್ಟಳು.

"ಹಸೀತೈತಾ?"

"ಹೂಂ ಕಣಕ್ಕ."

ಹಳದಿ ಕಣ್ಣುಗಳ ತುಂಬ ನೀರು ತುಂಬಿಕೊಂಡು ನನ್ನ ಮುಖವನ್ನೇ ನೋಡಿದಳು.

"ಹಸೀಲಿ ಬುಡು. ನಾನ್ ಬದುಕ್ಬೇಕು ಕಣ್ಲಾ."