ಬಾಳಮ್ಮನ ಬಾಗಿಲಿಗೆ ಕುರಿಬಲೆ

ಬಾಳಮ್ಮನ ಮನೆಗೆ ಬಾಗಿಲಿತ್ತು, ಅದು ಮುಚ್ಚಿದ್ದನ್ನು ಮಾತ್ರ ಕಂಡವರಿಲ್ಲ. ಉಮರ್ಗಾ ತಾಲೂಕಿನ ಅವಳ ಹಳೇ ಊರು ಭೂಕಂಪದಲ್ಲಿ ನೆಲ ಕಚ್ಚಿದ ಮೇಲೆ ಸರ್ಕಾರ ಬಯಲಿನಲ್ಲಿ ಸಾಲುಮನೆ ಕಟ್ಟಿಸಿಕೊಟ್ಟಿತು. ಉಳಿದವರು ಮನೆ ಹೊಕ್ಕ ದಿನ ಬಾಗಿಲಿಗೆ ತೋರಣ ಕಟ್ಟಿದರೆ, ಬಾಳಮ್ಮ ಬಾಗಿಲು ಮುಚ್ಚದಂತೆ ಬುಡಕ್ಕೊಂದು ಕಲ್ಲು ಒತ್ತಿದಳು.

ಕಾರಣ ಎಲ್ಲರಿಗೂ ಗೊತ್ತು, ನಿಮಗೂ ಹೇಳುತ್ತೇನೆ. ಆ ನಸುಕಿನಲ್ಲಿ ಮಣ್ಣಿನ ಮಾಳಿಗೆ ಕುಸಿದಾಗ ಅವಳೂ ಗಂಡ ನಾಗಣ್ಣನೂ ಒಳಗಿದ್ದರು. ಬಾಗಿಲಿಗೆ ಕಲ್ಲುಮಣ್ಣು ಬಿದ್ದು ತೆರೆಯಲಾಗಲಿಲ್ಲ. ಜನ ಅಗೆದು ತೆಗೆದಾಗ ಅವಳೊಬ್ಬಳೇ ಜೀವಂತ ಬಂದಳು. ಅಲ್ಲಿಂದಾಚೆ ಮಳೆಯಿರಲಿ ಚಳಿಯಿರಲಿ, ಅವಳ ಮನೆ ಹಗಲೂ ರಾತ್ರಿ ತೆರೆದೇ ಇತ್ತು. ಹೊಸ್ತಿಲ ಹತ್ತಿರ ಕೂತು ಕೌದಿ ಹೊಲಿಯುವಳು. ಆ ತೆರೆದ ಬಾಗಿಲಿಂದಲೇ ಒಂದು ದಿನ ಚಂದ್ರಿ ಎಂಬ ಬೆಕ್ಕು ಒಳಗೆ ಬಂತು, ಬಂದದ್ದು ಉಳಿಯಿತು.

ಹಳೇ ಊರಿನಲ್ಲಿ ಬೆಕ್ಕಿಗೆ ಯಜಮಾನರಿರಲಿಲ್ಲ. ಮನೆಮನೆಗೂ ನೆಲದಲ್ಲಿ ಜೋಳ ತುಂಬಿಡುವ ಹಗೇವು, ಹಗೇವಿಗೆ ಇಲಿ. ಯಾರ ಮಾಳಿಗೆಯ ಮೇಲೆ ಹೋದರೂ ಬಾ ಎನ್ನುವವರೇ. ಇಲ್ಲಿ ಗೋಡೆಗೆ ಗೋಡೆ ತಾಗಿ ಮನೆ, ಒಬ್ಬರ ಅಂಗಳ ಇನ್ನೊಬ್ಬರ ಕಣ್ಣೆದುರು. ಬಾಳಮ್ಮ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಪಕ್ಕದ ಮನೆ ಕುರಿ ಸಾಕುವ ಗುರಣ್ಣನದು. ಬೀರಪ್ಪನಿಗೆ ಕಂಬಳಿ ಹೊದಿಸುತ್ತೇನೆಂದು ಅವನ ಹರಕೆ. ಹೆಂಡತಿ ಕಲ್ಯಾಣಮ್ಮ ಅದಕ್ಕೆಂದೇ ಕರಿ ಉಣ್ಣೆ ಆರಿಸಿ, ತೊಳೆದು, ಅಂಗಳದಲ್ಲಿ ಒಣಹಾಕಿದ್ದಳು. ಮಧ್ಯಾಹ್ನ ಬಂದು ಕರೆದಳು.

"ಬಾಳಕ್ಕಾ, ನಿನ್ನ ಸೊಸಿ ನಮ್ಮನ್ಯಾಗ ಬಾಣಂತಿ ಆಗ್ಯಾಳ. ನೋಡ ಬಾ."

ಉಣ್ಣೆಯ ನಡುವೆ ಚಂದ್ರಿ ಮೂರು ಮರಿಗಳನ್ನು ನೆಕ್ಕುತ್ತ ಮಲಗಿತ್ತು.

"ಬೆಕ್ಕಿಗಿ ಎಂಥ ಸೂತಕ ವೈನಿ?" ಅಂದಳು ಬಾಳಮ್ಮ. "ಏಳು ಮನಿ ತಿರಗೋ ಜಾತಿ ಅದು."

"ತಿರಗಲಿ. ಹಡದ ಉಣ್ಣಿ ನಾ ಬೀರಪ್ಪಗ ಹ್ಯಾಂಗ ಹೊದಿಸಲಿ? ಬೆಕ್ಕಿಗಿ ತಿಳಿಯಂಗಿಲ್ಲ, ಸಾಕಿದಾಕಿಗಿ ತಿಳೀಬೇಕಲ್ಲ."

ಬಾಳಮ್ಮ ಬಗ್ಗಿ ಮರಿಗಳನ್ನು ಸೆರಗಿಗೆ ಎತ್ತಿಕೊಂಡಳು.

"ದೀಪಾವಳಿ ಆದಮ್ಯಾಗ ಮತ್ತ ಉಣ್ಣಿ ಕತ್ತರಸ್ತೀವಿ. ಅಷ್ಟರಾಗ ಇದನ್ನ ಒಳಗ ಇಟ್ಟುಕೊಳ್ಳೋದು ಕಲಿ. ಇಲ್ಲಂದ್ರ ನಮ್ಮವರು ಚೀಲದಾಗ ಹಾಕಿ ಔರಾದ ಸಂತ್ಯಾಗ ಬಿಟ್ಟು ಬರ್ತಾರ. ಕೊಲ್ಲಂಗಂತೂ ಇಲ್ಲ. ಕೊಂದ್ರ ಬಂಗಾರದ ಬೆಕ್ಕ ಮಾಡಿ ಕಾಶಿಗಿ ಕೊಡಬೇಕಂತ. ನಮ್ಮಲ್ಲಿ ಹಿತ್ತಾಳಿದೂ ಇಲ್ಲ."

ಒಳಗಿಡಲು ಬಾಗಿಲು ಮುಚ್ಚಬೇಕು. ಬಾಳಮ್ಮನ ತವರೂ ಕುರಿ ಸಾಕಿದ ಮನೆಯೇ. ಕುರಿಮರಿಯನ್ನು ಗೂಟಕ್ಕೆ ಕಟ್ಟಿದಂತೆ ಚಂದ್ರಿಯ ಕೊರಳಿಗೆ ಹಗ್ಗ ಹಾಕಿ ಅಂಗಳದಲ್ಲಿ ಕಟ್ಟಿ, ಕಿರಾಣಿ ತರಲು ಹೋದಳು. ಕುರಿಮರಿ ಗೋಡೆ ಹತ್ತುವುದಿಲ್ಲ. ಚಂದ್ರಿ ಹತ್ತಿತು, ಆಚೆ ಹಾರಿತು, ಹಗ್ಗ ಸಾಲದೆ ಕಲ್ಯಾಣಮ್ಮನ ಅಂಗಳದ ಕಡೆ ಜೋತುಬಿತ್ತು.

ಬಾಳಮ್ಮ ಬರುವಾಗ ಕಲ್ಯಾಣಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಉಣ್ಣೆ ಕತ್ತರಿಸುವ ಕತ್ತರಿ, ತುಂಡಾದ ಹಗ್ಗ. ಮಡಿಲಲ್ಲಿ ಚಂದ್ರಿ ಉಸಿರು ಎಳೆಯುತ್ತಿತ್ತು.

"ನಾ ಸಂತಿಗಿ ಬಿಡ್ತೀನಿ ಅಂದೆ. ನೀ ಫಾಶಿನೇ ಹಾಕೀದಿ," ಅಂದಳು. ಆಮೇಲೆ ದನಿ ಇಳಿಸಿ, "ಬಾಗಿಲಾ ಹಾಕೋದು ಅಷ್ಟು ತ್ರಾಸ ಆಗ್ತದೇನ ಅಕ್ಕಾ?"

"ಹಾಕಿದ್ರ ಗಾಳಿ ನಿಂತಂಗ ಆಗ್ತದ," ಅಂದಳು ಬಾಳಮ್ಮ. ಐದು ವರ್ಷದಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಕಲ್ಯಾಣಮ್ಮ ಎದ್ದು ಒಳಗೆ ಹೋಗಿ ಹಳೇ ಕುರಿಬಲೆ ಹೊತ್ತು ತಂದಳು. ಹೊಲದಲ್ಲಿ ಕುರಿ ತರುಬಲು ಸುತ್ತ ಕಟ್ಟುವ ಬಲೆ. "ಇದರಾಗ ಗಾಳಿ ಆಡ್ತದ, ಆಕಾಶ ಕಾಣ್ತದ. ಗಂಟು ನಿನ್ನ ಕಡಿ ಇರ್ತದ, ಒಂದು ಎಳದ್ರ ಬಿಚ್ಚತದ."

ಬೆಕ್ಕು ನುಸುಳದಂತೆ ಇಬ್ಬರೂ ಕೂತು ಬಲೆಯ ಕಣ್ಣು ಕಿರಿದು ಮಾಡಿದರು. ಮನೆಯೊಳಗೆ ಮೂಲೆಯಲ್ಲೊಂದು ಬೂದಿ ತುಂಬಿದ ಬುಟ್ಟಿ ಇಟ್ಟರು, ಚಂದ್ರಿಯ ಶೌಚಕ್ಕೆ. ಮರಿಗಳು ಹಾಲು ಬಿಟ್ಟ ಮೇಲೆ ಇಲಿ ಕಾಟದ ಮೂರು ಮನೆ ನೋಡಿ ಕೊಟ್ಟರು. ಇನ್ನು ಹಡೆಯದಂತೆ ಆಪರೇಶನ್ ಮಾಡಿಸಲು ಬಾಳಮ್ಮ ಚಂದ್ರಿಯನ್ನು ಬುಟ್ಟಿಯಲ್ಲಿಟ್ಟು ಉದಗೀರಕ್ಕೆ ಬಸ್ಸು ಹತ್ತಿದಳು. ಕಂಡಕ್ಟರ್ ಬುಟ್ಟಿಯೊಳಗೆ ಇಣುಕಿ, "ತಿಕೀಟ ಬ್ಯಾಡ. ಡ್ರೈವರನ ಮುಂದ ಅಡ್ಡ ಹಾಯಬ್ಯಾಡ ಅಂತ ಹೇಳ್ರಿ ಸಾಕು," ಅಂದ.

ಉಳಿದದ್ದು ಒಂದೇ. ಬಾಗಿಲ ಚೌಕಟ್ಟಿಗೆ ಬಲೆ ತೂಗುತ್ತಿತ್ತು, ಅದರ ಗಂಟನ್ನು ಬಾಳಮ್ಮ ಇನ್ನೂ ಹಾಕಿರಲಿಲ್ಲ.

ದೀಪಾವಳಿ ಕಳೆದು ಹೊಸ ಉಣ್ಣೆ ಅಂಗಳದಲ್ಲಿ ಹರಡಿದ ದಿನ ಅವಳು ಒಳಗೆ ನಿಂತು ಗಂಟು ಹಾಕಿದಳು. ಹಾಕಿದ ಕೈ ಗಂಟಿನ ಮೇಲೇ ಉಳಿಯಿತು. ಚಂದ್ರಿ ಬಲೆಗೆ ಉಗುರು ಹಾಕಿ ಒದರುತ್ತಿತ್ತು.

"ಬಿಚ್ಚಲೇನ ಅಕ್ಕಾ?" ಹೊರಗಿನಿಂದ ಕಲ್ಯಾಣಮ್ಮ ಕೇಳಿದಳು.

"ಬ್ಯಾಡ. ನೀ ಅಲ್ಲೇ ಕೂತು ಏನರೆ ಮಾತಾಡ್ತಿರು."

ಕಲ್ಯಾಣಮ್ಮ ಉಣ್ಣೆ ಬಿಡಿಸುತ್ತ ಮಾತಾಡಿದಳು. ಅತ್ತೆಯ ಹಲ್ಲುನೋವು, ದೇವಣಿಯಲ್ಲಿ ಕಂಡ ಹೋರಿ, ಗುರಣ್ಣನ ಗೊರಕೆ. ಬಿಸಿಲು ಇಳಿದು ಉಣ್ಣೆ ಒಣಗುವ ಹೊತ್ತಿಗೆ ಅವಳ ಗಂಟಲೂ ಒಣಗಿತು. "ಸ್ವಲ್ಪ ನೀರು ಕೊಡವ್ವ," ಅಂದಳು.

ಬಾಳಮ್ಮ ಬಲೆಯ ಕಣ್ಣಿಂದ ತಂಬಿಗೆ ದಾಟಿಸಲು ನೋಡಿದಳು, ಹಿಡಿಸಲಿಲ್ಲ. ಗಂಟು ಬಿಚ್ಚಿ ನೀರು ಕೊಟ್ಟಳು. ಚಂದ್ರಿ ಹೊಸ್ತಿಲಿಗೆ ಬರುವ ಮೊದಲೇ ತಾನೇ ಮತ್ತೆ ಗಂಟು ಹಾಕಿಕೊಂಡು, ಸೂಜಿಗೆ ದಾರ ಪೋಣಿಸುತ್ತ ಕೂತಳು.