ದೇಶನೂರಿನ ತಿರುವಿನಲ್ಲಿ ಇಲ್ಲದ ಭತ್ತ

ಐದಾರು ವರ್ಷಗಳ ಹಿಂದಿನ ಮಾತು. ಆಗ ನಾನು ಬಳ್ಳಾರಿ ಗಾಂಧಿನಗರದ ಗ್ಯಾರೇಜೊಂದರ ರ‍್ಯಾಲಿ ತಂಡದಲ್ಲಿ ಡ್ರೈವರ್ ಆಗಿದ್ದೆ. ಈ ಆಟಕ್ಕೆ ಬಂದು ಮೂರನೆಯ ವರ್ಷ. ಗ್ಯಾರೇಜಿನ ಮಾಲೀಕರಾದ ವಿರೂಪಣ್ಣನವರ ಹತ್ತಿರ ಎರಡು ಕಾರುಗಳಿದ್ದವು. ಒಂದನ್ನು ನನಗೆ, ಇನ್ನೊಂದನ್ನು ಮಂಜುನಾಥನಿಗೆ ಕೊಟ್ಟಿದ್ದರು. ಆ ಸಲದ ರ‍್ಯಾಲಿ ನಮ್ಮ ಜಿಲ್ಲೆಯಲ್ಲೇ ಇತ್ತು. ಅದರ ಹಿಂದಿನ ವಾರ ಇಬ್ಬರನ್ನೂ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು: "ಮುಂದಿನ ಸೀಸನ್ನಿಗೆ ಒಂದ ಗಾಡಿ ಇಳಸಾಕ ಆಗೋದು. ನಿಮ್ಮಿಬ್ಬರೊಳಗ ಯಾರು ಮುಂದ ಬರ್ತೀರೋ, ಸೀಟು ಅವರದು."

ನನಗೆ ಆ ಸೀಟು ಬೇಕೇ ಬೇಕಿತ್ತು. ಗಂಡು ಡ್ರೈವರ್ ಒಂದು ವರ್ಷ ಮನೆಯಲ್ಲಿ ಕೂತರೆ ವಿಶ್ರಾಂತಿ ಎನ್ನುತ್ತಾರೆ. ನಾನು ಕೂತರೆ "ಸಾಕಾತೇನವ್ವಾ?" ಎನ್ನುತ್ತಾರೆ.

ರ‍್ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಸಂಚಾರ ಬಂದ್ ಮಾಡಿದ ರಸ್ತೆಯ ಒಂದು ತುಂಡಿನಲ್ಲಿ ಒಂದೊಂದಾಗಿ ಹೋಗುತ್ತವೆ. ಆ ತುಂಡೇ ಸ್ಟೇಜ್. ಎಲ್ಲ ಸ್ಟೇಜುಗಳ ಸಮಯ ಕೂಡಿಸಿ ಯಾರದ್ದು ಕಡಿಮೆಯೋ ಅವರು ಗೆದ್ದಂತೆ. ನಮ್ಮ ದಿನಕ್ಕೆ ನಾಲ್ಕು ಸ್ಟೇಜ್: ಕುರುಗೋಡಿನ ಕಲ್ಲುದಾರಿ, ಸಿರುಗುಪ್ಪ ಕಡೆಯ ದೇಶನೂರಿನ ರಸ್ತೆ, ಊಟದ ನಂತರ ಮತ್ತೆ ದೇಶನೂರು, ಕೊನೆಗೆ ಮತ್ತೆ ಕುರುಗೋಡು. ಪಕ್ಕದಲ್ಲಿ ಕೂತು ದಾರಿ ಓದಿ ಹೇಳುವವಳು ಕೋ-ಡ್ರೈವರ್. ನನ್ನ ಕೋ-ಡ್ರೈವರ್ ರೇಷ್ಮಾ, ಕಂಟೋನ್ಮೆಂಟಿನ ಹುಡುಗಿ, ಶಾಲೆಯಲ್ಲಿ ಗಣಿತದ ಟೀಚರ್. ನನಗಿಂತ ಎಂಟು ವರ್ಷ ಚಿಕ್ಕವಳಾದರೂ ಬಾಯಿ ನನಗಿಂತ ಜೋರು.

ಎರಡು ದಿನ ಮುಂಚೆ ರೆಕ್ಕಿ. ಅಂದರೆ ಅದೇ ದಾರಿಯಲ್ಲಿ ನಿಧಾನಕ್ಕೆ ಹೋಗಿ ಪ್ರತಿ ತಿರುವಿಗೂ ಅಂಕಿ ಬರೆದುಕೊಳ್ಳುವುದು. ಒಂದು ಎಂದರೆ ಕಡಿದಾದ ತಿರುವು, ಆರು ಎಂದರೆ ಹೆಚ್ಚುಕಡಿಮೆ ನೇರ. ನಾನು ಅಂಕಿ ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು.

ದೇಶನೂರು ನನ್ನ ತವರು. ಭತ್ತದ ಕೊಯ್ಲು ಮುಗಿದ ಸಮಯ. ರಸ್ತೆಯ ಅರ್ಧಕ್ಕೆ ಭತ್ತ ಒಣಗಲು ಹರವಿ, ಗಾಡಿಗಳು ಹತ್ತದಂತೆ ಅಂಚಿಗೆ ಕಲ್ಲು ಜೋಡಿಸಿದ್ದರು. ಮಂಜುನಾಥನೂ ಹೊರಗಿನಿಂದ ಬಂದ ತಂಡಗಳವರೂ ಕಾರು ನಿಲ್ಲಿಸಿ, ಇದನ್ನು ಯಾವಾಗ ತೆಗೆಯುತ್ತೀರಿ ಎಂದು ಕೇಳಿ, ಪೂರ್ತಿ ರಸ್ತೆಯ ಲೆಕ್ಕದಲ್ಲಿ ಅಂಕಿ ಬರೆದುಕೊಂಡರು. ನಾನು ಕೇಳಲೇ ಇಲ್ಲ. ಹುಟ್ಟಿದಾಗಿನಿಂದ ಸುಗ್ಗಿಯಲ್ಲಿ ಆ ರಸ್ತೆ ನನಗೆ ಅರ್ಧವೇ. ಅಪ್ಪನ ಲೂನಾ ಮೊಪೆಡ್ ಓಡಿಸಲು ಕಲಿತದ್ದೂ ಆ ಅರ್ಧದಲ್ಲೇ; ಕಾಳಿನ ಮೇಲೆ ಚಕ್ರ ಹತ್ತಿಸಿದರೆ ಬೆನ್ನಿಗೆ ಬೀಳುತ್ತಿತ್ತು. ಹಾಗಾಗಿ ಮೂರು ತಿರುವುಗಳಿಗೆ, ಭತ್ತ ಬಿಟ್ಟು ಉಳಿದ ಜಾಗವನ್ನೇ ರಸ್ತೆಯೆಂದು ನಂಬಿ, "ಎಡ ಎರಡು, ಕಿರಿದು" ಎಂದು ಬರೆಸಿಬಿಟ್ಟೆ. ನಿಜದಲ್ಲಿ ಅವು ಐದರ ತಿರುವುಗಳು!

ರ‍್ಯಾಲಿಯ ಬೆಳಿಗ್ಗೆ ಕುರುಗೋಡಿನಲ್ಲಿ ಮಂಜುನಾಥನಿಗಿಂತ ಎರಡು ಸೆಕೆಂಡ್ ಮುಂದಿದ್ದೆ. ಖುಷಿಯಲ್ಲೇ ದೇಶನೂರಿಗೆ ಬಂದೆ. ಮೊದಲ ತಿರುವು ಬಂತು, ರೇಷ್ಮಾ "ಎಡ ಎರಡು, ಕಿರಿದು" ಎಂದಳು, ನಾನು ಬ್ರೇಕ್ ಒತ್ತಿದೆ. ಎದುರಿಗೆ ನುಣ್ಣಗೆ ಗುಡಿಸಿದ ಅಗಲವಾದ ರಸ್ತೆ. ನಮಗೋಸ್ಕರ ಊರಿನವರು ರಾತ್ರೋರಾತ್ರಿ ಭತ್ತ ಎತ್ತಿದ್ದರು. ಅವರ ಆ ಉಪಕಾರವನ್ನು ಇವತ್ತಿಗೂ ನೆನೆಯುತ್ತೇನೆ. ಆದರೆ ಆಗ ಮಾತ್ರ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಮುಂದಿನ ಎರಡು ತಿರುವಿನಲ್ಲೂ ಅದೇ ಪಾಡು. ಹಗ್ಗದಾಚೆ ನಿಂತವನೊಬ್ಬ "ಹೆಣ್ಮಗಳಲೇ, ಹೆದರ‍್ಯಾಳ!" ಎಂದು ಕೂಗಿದ್ದು ಹೆಲ್ಮೆಟ್ಟಿನೊಳಗೂ ಕೇಳಿಸಿತು. ಆ ಸ್ಟೇಜಿನಲ್ಲಿ ಮಂಜುನಾಥನಿಗಿಂತ ಒಂಬತ್ತು ಸೆಕೆಂಡ್ ಹಿಂದೆ ಬಿದ್ದೆ.

ಊಟದ ಹೊತ್ತಿಗೆ ಸರ್ವಿಸ್. ಕಾರು ರಿಪೇರಿಗೆ ಇಪ್ಪತ್ತೇ ನಿಮಿಷ. ಮೀರಿದ ಒಂದೊಂದು ನಿಮಿಷಕ್ಕೂ ದಂಡವಾಗಿ ಹತ್ತು ಸೆಕೆಂಡ್ ಸೇರಿಸುತ್ತಾರೆ. ವಿರೂಪಣ್ಣ ಬಂದು ಕೇಳಿದರು: "ಏನಾತು ಗಿರಿಜಾ?"

"ಬ್ರೇಕ್ ತಾನಾಗೇ ಹಿಡೀತಿತ್ತಣ್ಣ" ಎಂದುಬಿಟ್ಟೆ. ಸುಳ್ಳು, ಶುದ್ಧ ಸುಳ್ಳು. ಆ ಕೂಗು ಇನ್ನೂ ಕಿವಿಯಲ್ಲಿತ್ತು. ತಪ್ಪು ನನ್ನದೆಂದರೆ, ಹೆದರಿದಳು ಎಂಬ ಮಾತಿಗೆ ನಾನೇ ಮುದ್ರೆ ಒತ್ತಿದಂತೆ ಎನಿಸಿತು.

ಗ್ಯಾರೇಜಿನ ಹುಡುಗರು ಆಗಲೇ ಹಿಂದಿನ ಎಡಗಡೆ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುವುದನ್ನು ನೋಡಿದ್ದರು. ವಿರೂಪಣ್ಣ ಕೈ ಎತ್ತಿ ತಡೆದರು. "ಅದು ಆಮ್ಯಾಲೆ. ಬ್ರೇಕ್ ಮೊದಲ ಬಿಚ್ರಿ. ಆಕಿ ಜೀವ ಅದರ ಮ್ಯಾಲ ಐತಿ."

ನಾಲ್ಕೂ ಚಕ್ರ ಬಿಚ್ಚಿದರು. ನಾನು ಮಂಡಕ್ಕಿ ಒಗ್ಗರಣಿಯ ಪ್ಲೇಟು ಹಿಡಿದು ನಿಂತಿದ್ದೆ. ರೇಷ್ಮಾ ನನ್ನನ್ನು ಟೆಂಟಿನ ಹಿಂದಕ್ಕೆ ಎಳೆದಳು.

"ಅಕ್ಕಾ, ಬ್ರೇಕ್‌ಗೆ ಏನ ಧಾಡಿ ಆಗೈತಿ? ಸುಳ್ಳ ಯಾಕ ಹೇಳಿದಿ?"

ಭತ್ತದ ಕಥೆ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು.

"ಯಾ ಅಲ್ಲಾ! ಇದನ್ನ ಅಲ್ಲೇ ಹೇಳಿದ್ರ ಮೂರು ಅಂಕಿ ತಿದ್ದತಿದ್ದೆ, ಮುಗೀತಿತ್ತು. ಈಗ ಗಾಡಿ ತಪ್ಪು ಅಂತ ಹುಡುಕ್ತಾ ಕುಂತಾರ. ಗಾಡ್ಯಾಗ ಇಲ್ಲದ್ದು ಅವರಿಗೆ ಎಲ್ಲಿಂದ ಸಿಗಬೇಕು?"

ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ನೇರ ವಿರೂಪಣ್ಣನ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಬೈಯುತ್ತಾರೆಂದು ಕಾದೆ. ಅವರು ಗಡಿಯಾರ ನೋಡಿ, "ಲೇ, ಚಕ್ರ ಕಟ್ರಿ" ಎಂದು ಹುಡುಗರಿಗೆ ಕೂಗಿದರು. ಆರು ನಿಮಿಷ ಉಳಿದಿತ್ತು. ಶಾಕ್ ಅಬ್ಸಾರ್ಬರ್ ಬದಲಿಸಲು ಹನ್ನೆರಡು ಬೇಕು; ಅದು ಹಾಗೇ ಉಳಿಯಿತು. ನನ್ನ ಕಡೆ ತಿರುಗಿ, "ಆ ರಸ್ತಿ ಪೂರ್ತಿ ಅಗಲ ಇದ್ದಾಗ ಹೆಂಗ ಇರ್ತೈತಿ, ನಿನಗ ಗೊತ್ತಲ್ಲ? ಹೋಗಿ ಬರಸು" ಎಂದರು, ಅಷ್ಟೇ.

ಗೊತ್ತಿಲ್ಲದೇನು! ವರ್ಷದ ಉಳಿದ ತಿಂಗಳೆಲ್ಲ ಅದರ ಮೇಲೆ ಓಡಾಡಿದವಳು. ಭತ್ತದ ಪಕ್ಕ ನಿಂತು ಅಂದಾಜು ಮಾಡಿದವರಿಗಿಂತ ಚೆನ್ನಾಗಿ ಗೊತ್ತಿತ್ತು. ರೇಷ್ಮಾ ಪೆನ್ಸಿಲ್ಲಿನಲ್ಲಿ ಮೂರು ಎರಡುಗಳನ್ನು ಐದು ಮಾಡಿದಳು. ಮಧ್ಯಾಹ್ನ ದೇಶನೂರಿನಲ್ಲಿ ಅವಳು "ಎಡ ಐದು" ಎಂದಾಗ ಕಾಲು ತಾನಾಗಿಯೇ ಬ್ರೇಕಿನ ಕಡೆ ಹೋಗುವುದಿತ್ತು. "ಹೋಗ್ ಅಕ್ಕಾ, ಹೋಗ್!" ಎಂದು ಚೀರಿದಳು. ಹೋದೆ. ಆ ಸ್ಟೇಜಿನಲ್ಲಿ ಮಂಜುನಾಥನಿಗಿಂತ ಹನ್ನೊಂದು ಸೆಕೆಂಡ್ ವೇಗ. ಒಟ್ಟು ಲೆಕ್ಕದಲ್ಲಿ ಈಗ ನಾನೇ ನಾಲ್ಕು ಸೆಕೆಂಡ್ ಮುಂದೆ!

ಉಳಿದದ್ದು ಕುರುಗೋಡಿನ ಕಲ್ಲುದಾರಿ. ಮೂರನೆಯ ಕಿಲೋಮೀಟರಿನಲ್ಲಿ ಶಾಕ್ ಅಬ್ಸಾರ್ಬರ್ ಪೂರ್ತಿ ಸತ್ತಿತು. ಕಾರಿನ ಹಿಂಭಾಗ ಪ್ರತಿ ಉಬ್ಬಿಗೂ ಎಗರುತ್ತಿತ್ತು. ಬೆಳಿಗ್ಗೆಯ ವೇಗ ಹಿಡಿಯಲಾಗಲಿಲ್ಲ. ರೇಷ್ಮಾ ಒಂದೂ ಅಂಕಿ ತಪ್ಪದೆ ಕೊನೆಯವರೆಗೆ ಓದಿದಳು. ಆ ಸ್ಟೇಜಿನಲ್ಲಿ ಎಂಟು ಸೆಕೆಂಡ್ ಹೋಯಿತು. ಮಂಜುನಾಥ ನಾಲ್ಕು ಸೆಕೆಂಡಿನಿಂದ ಗೆದ್ದ.

ಅವನ ಕೈ ಕುಲುಕಿದೆ. ಸೀಟು ಅವನದಾಯಿತು, ನ್ಯಾಯವೇ. ವಿರೂಪಣ್ಣ ನನ್ನ ಪಕ್ಕ ಬಂದು ನಿಂತರು. ಆಮೇಲೆ ಅಂದರು: "ಗಾಡಿ ಬಿಚ್ಚಿಸಿದ್ದು ನಿನ್ನ ಬಾಯಿ. ಕಟ್ಟಿಸಿದ್ದೂ ನಿನ್ನ ಬಾಯಿನ. ಎರಡನೇದ್ದು ಮಾಡೋರನ್ನ ನಾ ಭಾಳ ಮಂದಿ ನೋಡಿಲ್ಲ. ಮುಂದಿನ ವರ್ಷ ಸೀಟು ಇಲ್ಲ, ಆದರ ರೆಕ್ಕಿಗೆ ನೀ ಬಾ. ಮಂಜ್ಯಾಗ ದಾರಿ ನೋಡಿಕೊಡು." ಹೋದೆ. ಅದರ ಮುಂದಿನ ವರ್ಷ ಇನ್ನೊಂದು ಕಾರು ಬಂದಾಗ, ಕೇಳದೆಯೇ ಕೀಲಿಕೈ ನನ್ನ ಕೈಗಿಟ್ಟರು. ಅವರ ಋಣ, ನನ್ನನ್ನು ತಿದ್ದಿದ ರೇಷ್ಮಾಳ ಬಾಯಿಯ ಋಣ, ಎರಡೂ ನನ್ನ ಮೇಲೆ ಯಾವಾಗಲೂ ಇವೆ.

ಈಗ ನಾನು ಹೆಣ್ಣುಮಕ್ಕಳಿಗೆ ರ‍್ಯಾಲಿ ಕಲಿಸುತ್ತೇನೆ. ಗೆಲ್ಲುವ ಮನಸ್ಸು ಅಂದರೆ ಏನು ಮೇಡಂ ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬಳಾದರೂ ಕೇಳುತ್ತಾಳೆ. ಧೈರ್ಯ, ಏಕಾಗ್ರತೆ ಎಂದೆಲ್ಲ ನಿರೀಕ್ಷಿಸುತ್ತಾಳೆ ಪಾಪ. ನಾನು ಈ ಕಥೆ ಹೇಳುತ್ತೇನೆ. ಭತ್ತ ತಿಂದ ಒಂಬತ್ತು ಸೆಕೆಂಡನ್ನು ಮಧ್ಯಾಹ್ನವೇ ವಾಪಸು ಪಡೆದಿದ್ದೆ. ಸೀಟು ಕಳೆದದ್ದು, ಶಾಕ್ ಅಬ್ಸಾರ್ಬರಿನ ಸಮಯ ತಿಂದ ಆ ಒಂದು ಸುಳ್ಳು. ಹೆದರಿದಳು ಎಂದು ಕೂಗಿದವನಿಗೆ ರಸ್ತೆಯ ವಿಷಯ ಏನೂ ಗೊತ್ತಿರಲಿಲ್ಲ, ನಿಜ. ಆದರೆ ಅದೇ ಮಧ್ಯಾಹ್ನ, ಟೆಂಟಿನ ಕೆಳಗೆ, ವಿರೂಪಣ್ಣನ ಎದುರು, ನಾನು ಹೆದರಿದ್ದೆ.