ಸಕ್ಕರೆಯಿಲ್ಲದ ಸಿಹಿ

ಕೋಕೋ ಪುಡಿ ಜರಡಿ ಹಿಡಿದವರಿಗೆ ಗೊತ್ತು, ಅದು ಜೋಳದ ಹಿಟ್ಟಿನಂತೆ ತೆಪ್ಪಗೆ ಕೆಳಗೆ ಬೀಳುವುದಿಲ್ಲ. ಹೊಗೆಯಂತೆ ಮೇಲೆದ್ದು ಮೂಗಿಗೆ, ಹುಬ್ಬಿಗೆ, ಕನ್ನಡಕದ ಗಾಜಿಗೆ ಮೆತ್ತಿಕೊಳ್ಳುತ್ತದೆ. ಹೋದ ಭಾನುವಾರ ಬೆಳಿಗ್ಗೆ ಇಂಡಿ ಪಟ್ಟಣದ ನಮ್ಮ ಮನೆಯ ಅಡುಗೆಮನೆಯಲ್ಲಿ ಪೇಪರು ಹಾಸಿಕೊಂಡು ಕುಳಿತು ಚಳಿಗಾಲದ ಮೊದಲ ಡಬ್ಬಿ ಪುಡಿ ತಯಾರಿಸುತ್ತಿದ್ದೆ. ಎರಡು ಸಲ ಜರಡಿ ಆಡಿಸಿದ್ದೇ ತಡ, ಆ ವಾಸನೆ ಏರಿತು. ನಿಮಗಾದರೆ ಬಾಯಲ್ಲಿ ನೀರು ಬರುತ್ತಿತ್ತೇನೋ. ನನಗೆ ಮಾತ್ರ ಆಸ್ಪತ್ರೆಯ ಒಂದು ಬೆಂಚು ನೆನಪಾಗುತ್ತದೆ. ಆರು ವರ್ಷವಾಯಿತು, ಇನ್ನೂ ಹೀಗೇ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕುಳಿತುಕೊಳ್ಳಿ.

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಅಡುಗೆಮನೆಗೂ ನನಗೂ ಅಂಥ ನಂಟೇನೂ ಇರಲಿಲ್ಲ. ಮಗಳು ಪಲ್ಲವಿಗೆ ಒಂಬತ್ತು ತುಂಬಿದ ವರ್ಷ ಅವಳು ಕೊಡಗಟ್ಟಲೆ ನೀರು ಕುಡಿಯತೊಡಗಿದಳು, ತಿಂಗಳೊಪ್ಪತ್ತಿನಲ್ಲಿ ಕಡ್ಡಿಯಾದಳು. ವಿಜಯಪುರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇದು ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ, ಇನ್ನು ಜೀವನಪೂರ್ತಿ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಬೇಕು ಎಂದರು. ಊರಿಗೆ ಬಂದ ಮೇಲೆ ಮಾತನಾಡಿಸಲು ಬಂದವರೆಲ್ಲರದೂ ಒಂದೇ ಪ್ರಶ್ನೆ: "ಭಾಳ ಚಾಕಲೇಟ ತಿನ್ನಿಸಿದ್ರೇನ್ರಿ, ಸರ?" ಚಾಕೊಲೇಟಿಗೂ ಈ ಕಾಯಿಲೆಗೂ ಸಂಬಂಧವಿಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು.

ಆ ಡಿಸೆಂಬರಿನಲ್ಲಿ ಸಿಂದಗಿಯಲ್ಲಿರುವ ನನ್ನ ನಾದಿನಿಯ ಮಗನ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಮಕ್ಕಳಿಗೆಲ್ಲ ದೊಡ್ಡ ದೊಡ್ಡ ಲೋಟಗಳಲ್ಲಿ ಬಿಸಿ ಕೋಕೋ ಹಾಲು. ಪಲ್ಲವಿ ಅವರ ನಡುವೆ ನೀರಿನ ಲೋಟ ಹಿಡಿದು ಕುಳಿತಿದ್ದಳು. ಅಳಲಿಲ್ಲ, ಕೇಳಲಿಲ್ಲ. ಎಲ್ಲರೂ ಕುಡಿದಾಗ ತಾನೂ ಗುಟುಕರಿಸುತ್ತಿದ್ದಳು, ಅಷ್ಟೆ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು.

"ಅಪ್ಪಾ, ಸಕ್ಕರಿ ಇಲ್ದ ಚಾಕಲೇಟ ಹಾಲು ಇರೂದಿಲ್ಲೇನು?"

ಮರುದಿನವೇ ವಿಜಯಪುರಕ್ಕೆ ಹೋಗಿ ಸಕ್ಕರೆ ಬೆರೆಸದ ಕೋಕೋ ಪುಡಿ, ಹಾಲಿನ ಪುಡಿ, ಸಕ್ಕರೆಯ ಬದಲು ಹಾಕುವ ಎಲೆಯ ಸತ್ವದ ಬಿಳಿ ಪುಡಿ ಎಲ್ಲ ತಂದೆ. ಆ ಬಿಳಿ ಪುಡಿ ಎಂಥ ಸಿಹಿ ಎಂದರೆ ಬೆರಳ ತುದಿಗೆ ಅಂಟಿದ್ದು ಮೂರು ಸಲ ಕೈತೊಳೆದರೂ ಊಟದಲ್ಲಿ ತಿಳಿಯುತ್ತಿತ್ತು. ಮೊದಲ ಸಲ ಅದನ್ನು ಕಡಿಮೆ ಹಾಕಿದೆ. ನನ್ನ ಅವ್ವ ಒಂದು ಗುಟುಕು ಕುಡಿದು, "ಇದು ಜ್ವರಕ್ಕ ಕುಡಿಯೂದೇನಪಾ?" ಎಂದಳು. ಎರಡನೆಯ ಸಲ ಜಾಸ್ತಿಯಾಯಿತು. ಮೂರನೆಯ ಸಲ ಗಂಟು ಗಂಟಾಯಿತು. ಕೊನೆಗೆ ಒಂದು ಬಟ್ಟಲು ಕೋಕೋಗೆ ಎರಡು ಬಟ್ಟಲು ಹಾಲಿನ ಪುಡಿ, ಚಿಟಿಕೆ ಉಪ್ಪು, ಏಲಕ್ಕಿ, ಒಂದಿಷ್ಟು ಒಣಶುಂಠಿ, ಅಳೆದು ತೂಗಿದ ಸಿಹಿ, ಎಲ್ಲವನ್ನೂ ಕೂಡಿಸಿ ಮೂರು ಸಲ ಜರಡಿ ಹಿಡಿದ ಮೇಲೆ ಹದ ಸಿಕ್ಕಿತು. ಒಂದು ಲೋಟಕ್ಕೆ ಎಷ್ಟು ಇನ್ಸುಲಿನ್ ಎಂದು ಡಾಕ್ಟರನ್ನು ಕೇಳಿ ಬರೆದುಕೊಂಡೆ. ಪಲ್ಲವಿ ಲೋಟ ಖಾಲಿ ಮಾಡಿ ಮೇಲ್ತುಟಿಯ ಕಂದು ಮೀಸೆಯನ್ನು ನಾಲಿಗೆಯಿಂದ ಒರೆಸಿಕೊಂಡಳು. ಆ ದಿನ ನನ್ನ ಜಂಬ ನೋಡಬೇಕಿತ್ತು ನೀವು. ಸ್ಟಾಫ್ ರೂಮಿನಲ್ಲಿ ಒಂದು ವಾರ ಬೇರೆ ಮಾತೇ ಇಲ್ಲ. ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ರಜಿಯಾ ಅಕ್ಕನ ತಾಯಿಗೂ ಸಕ್ಕರೆ ಕಾಯಿಲೆ ಇತ್ತು, ಅವರಿಗೂ ಒಂದು ಡಬ್ಬಿ ಕೊಟ್ಟೆ. ಅವ್ವನ ಮುಂದಂತೂ ದಿನಕ್ಕೆರಡು ಸಲ ಹೇಳುತ್ತಿದ್ದೆ: "ಸಕ್ಕರಿಗಿಂತ ಸಿಹಿ ಐತಿ ನೋಡ ಬೇ ಇದು."

ಇನ್ನೊಂದು ಮಾತನ್ನೂ ಅವ್ವನಿಗೆ ಹೇಳಿದ್ದೆ. ಇನ್ಸುಲಿನ್ ಹೆಚ್ಚಾಗಿ, ಊಟ ಕಡಿಮೆಯಾದರೆ ರಕ್ತದ ಸಕ್ಕರೆ ಒಮ್ಮೆಲೇ ಇಳಿಯುತ್ತದೆ. ಹುಡುಗಿ ನಡುಗಿದರೆ, ಬೆವರಿದರೆ, ಕೂಡಲೇ ಸಿಹಿ ಕೊಡು ಎಂದು. ಸಿಹಿ ಎಂದರೆ ಯಾವ ಸಿಹಿ, ಅದನ್ನು ಹೇಳಲಿಲ್ಲ. ಹೇಳಬೇಕಾದ ಮಾತು ಎಂದು ಹೊಳೆಯಲೇ ಇಲ್ಲ. ನನ್ನ ಹುಡುಗರಿಗೆ ಪ್ರಯೋಗಶಾಲೆಯಲ್ಲಿ ಬಾಟಲಿಗೆ ಚೀಟಿ ಅಂಟಿಸದಿದ್ದರೆ ಅರ್ಧ ತಾಸು ಬೈಯುವ ಮನುಷ್ಯ ನಾನು.

ಅದು ಜನವರಿಯ ಒಂದು ಶನಿವಾರ. ಬೆಳಗಿನ ಸಾಲಿ. ಪಲ್ಲವಿ ಮಧ್ಯಾಹ್ನ ಮನೆಗೆ ಬಂದು, ಇನ್ಸುಲಿನ್ ಚುಚ್ಚಿಕೊಂಡು, ಒಂದೂವರೆ ರೊಟ್ಟಿ ತಿನ್ನಬೇಕಾದಲ್ಲಿ ಅರ್ಧ ತಿಂದು ಓಣಿಯ ಹುಡುಗಿಯರ ಜೊತೆ ಖೋ-ಖೋ ಆಡಲು ಓಡಿದ್ದಾಳೆ. ನನ್ನ ಹೆಂಡತಿ ಸುಜಾತಾ ಹೊರ್ತಿಯ ಸಾಲಿಯಲ್ಲಿ ಟೀಚರು. ಅವಳ ಬಸ್ಸು ಇನ್ನೂ ಬಂದಿರಲಿಲ್ಲ. ನನಗೆ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ. ಫೋನು ಸದ್ದಡಗಿಸಿ ಮೇಜಿನ ಖಾನೆಯಲ್ಲಿಟ್ಟು ಹುಡುಗರ ಬ್ಯೂರೆಟ್ ನೋಡುತ್ತ ನಿಂತಿದ್ದೆ. ಮುಂದಿನದನ್ನು ನಾನು ಕಂಡಿಲ್ಲ. ಅವ್ವ ಹೇಳಿದ್ದು, ರಜಿಯಾ ಅಕ್ಕ ಹೇಳಿದ್ದು ಕೂಡಿಸಿ ಹೇಳುತ್ತಿದ್ದೇನೆ.

ಮುಕ್ಕಾಲು ತಾಸಿಗೆ ಪಲ್ಲವಿ ಆಟ ಬಿಟ್ಟು ಬಂದು ಮೆಟ್ಟಿಲ ಮೇಲೆ ಕುಳಿತಳಂತೆ. ಚಳಿಗಾಲದಲ್ಲೂ ಕತ್ತಿನ ಮೇಲೆ ಬೆವರು. ಕೈ ನಡುಗುತ್ತಿತ್ತು. "ಆಯಿ, ನನಗ ಹೆಂಗೋ ಆಗಾಕತ್ತೈತಿ," ಅಂದಳು ಅಜ್ಜಿಗೆ. ಅವ್ವ ಗಾಬರಿಯಾದರೂ ನನ್ನ ಮಾತು ಮರೆತಿರಲಿಲ್ಲ. ಸಿಹಿ ಕೊಡಬೇಕು. ಹಾಲು ಬಿಸಿ ಮಾಡಿ, ನನ್ನ ಪುಡಿಯನ್ನು ಎರಡು ಚಮಚ ಜಾಸ್ತಿಯೇ ಹಾಕಿ, ಲೋಟ ತುಂಬ ಕುಡಿಸಿದಳು.

ಕುಡಿಸಿ ಕಾದಳು. ಹುಡುಗಿ ಸುಧಾರಿಸಲಿಲ್ಲ. ಕಣ್ಣು ಎಲ್ಲೋ ನೋಡುತ್ತಿತ್ತು, ಮಾತು ತೊದಲಿತು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ. ಅವ್ವ ಇನ್ನೊಂದು ಲೋಟ ಮಾಡಿದಳು. ಅದನ್ನು ಅರ್ಧ ಕುಡಿದು ಪಲ್ಲವಿ ಗೋಡೆಗೆ ಒರಗಿದಳು. ಅವ್ವ ನನಗೆ ಫೋನು ಮಾಡಿದಳು. ಮತ್ತೆ ಮಾಡಿದಳು. ಖಾನೆಯೊಳಗೆ ಅದು ಮಿನುಗಿ ಮಿನುಗಿ ಆರಿತು. ಆಮೇಲೆ ಹಿತ್ತಲಿನ ಗೋಡೆಯ ಹತ್ತಿರ ಹೋಗಿ ಕೂಗಿದಳಂತೆ. ಎಪ್ಪತ್ತರ ಹತ್ತಿರದ ನನ್ನ ಅವ್ವ ಹಾಗೆ ಕೂಗಿದ್ದನ್ನು ಓಣಿಯವರು ಎಂದೂ ಕೇಳಿರಲಿಲ್ಲ.

ರಜಿಯಾ ಅಕ್ಕ ಕೊರಳಲ್ಲಿದ್ದ ಅಳತೆ ಟೇಪಿನ ಸಮೇತ ಓಡಿಬಂದಳು. ಹುಡುಗಿಯ ಮುಖ ನೋಡಿದಳು, ಕೈ ಮುಟ್ಟಿದಳು.

"ಏನ ಕೊಟ್ಟೀರಿ ಕಾಕು?"

"ಚಾಕಲೇಟ ಹಾಲ ಕೊಟ್ಟೇನವಾ. ಭಾಳ ಸಿಹಿ ಐತಿ. ಎರಡ ಲೋಟ ಕೊಟ್ಟೇನಿ."

"ಯಾವದ? ಸರ ಮಾಡಿದ್ದ? ಅಯ್ಯ ಕಾಕು, ಅದ್ರಾಗ ಸಕ್ಕರಿನ ಇಲ್ಲಲ್ರಿ! ನಮ್ಮವ್ವಗ ಅದಕ್ಕ ಕೊಟ್ಟಾರ ಅವರು. ಸಕ್ಕರಿ ಎಲ್ಲಿ ಐತಿ? ಜಲ್ದಿ ತರ್ರಿ!"

ನಿಜವೇ. ನಾಲಿಗೆಗೆ ಸಿಹಿ, ರಕ್ತಕ್ಕೆ ಏನೂ ಇಲ್ಲ. ಆ ಪುಡಿಯ ಗುಣವೇ ಅದು, ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೂ ಅದನ್ನೇ. ಹಾಲಿನಲ್ಲಿ ಒಂದಿಷ್ಟು ಸಕ್ಕರೆ ಇರುತ್ತದೆ, ಅದು ಮೈಗೆ ಹತ್ತುವುದು ನಿಧಾನ. ಅಷ್ಟು ಹೊತ್ತು ಪಲ್ಲವಿಗೆ ಇರಲಿಲ್ಲ. ರಜಿಯಾ ಅಕ್ಕ ಸಕ್ಕರೆಯನ್ನು ನೀರಿನಲ್ಲಿ ಕದಡಿ, ಹುಡುಗಿಯನ್ನು ಎದೆಗೆ ಒರಗಿಸಿಕೊಂಡು, "ನುಂಗು ನನ್ನವ್ವಾ, ಇನ್ನೊಂದು ಗುಟುಕ, ನುಂಗು," ಎಂದು ಚಮಚ ಚಮಚವಾಗಿ ಕುಡಿಸಿದಳು. ಪುಣ್ಯಕ್ಕೆ ನುಂಗುವಷ್ಟು ಎಚ್ಚರ ಇನ್ನೂ ಇತ್ತು. ಆಟೋ ಕರೆಸಿ ಆಸ್ಪತ್ರೆಗೆ ಒಯ್ದರು. ಆಟೋದಲ್ಲೂ ಚಮಚ ನಿಲ್ಲಿಸಲಿಲ್ಲವಂತೆ.

ನಾನು ಫೋನು ನೋಡಿದಾಗ ಪರೀಕ್ಷೆ ಮುಗಿದಿತ್ತು. ಬೈಕು ಹೇಗೆ ಓಡಿಸಿದೆನೋ ತಿಳಿಯದು. ಆಸ್ಪತ್ರೆಯಲ್ಲಿ ಪಲ್ಲವಿಯ ಕೈಗೆ ಗ್ಲೂಕೋಸು ಹಚ್ಚಿದ್ದರು. ಕಣ್ಣು ತೆರೆದಿದ್ದಳು. ನನ್ನನ್ನು ನೋಡಿ, "ಅಪ್ಪಾ, ನನ್ನ ಔಟ ಮಾಡಿದ್ರೇನು?" ಎಂದು ಕೇಳಿದಳು. ಖೋ-ಖೋದ ಮಾತು. ನಾನು ಹೂಂ ಅಂದೆನೋ ಉಹುಂ ಅಂದೆನೋ, ಹೊರಗೆ ಬಂದೆ. ಹೊರಗೆ ಬೆಂಚಿನ ಮೇಲೆ ಅವ್ವ ಕುಳಿತಿದ್ದಳು. ಸೆರಗಿನ ಮೇಲೆ ಕಂದು ಕಲೆ.

ಹೆದರಿಕೆ ಇಳಿದ ಜಾಗಕ್ಕೆ ಸಿಟ್ಟು ಬಂದು ಕುಳಿತುಕೊಳ್ಳುತ್ತದೆ, ನಿಮಗೂ ಅನುಭವವಿರಬಹುದು. ರಜಿಯಾ ಅಕ್ಕನಿಂದ ವಿಷಯ ತಿಳಿದ ಕೂಡಲೇ, ನರ್ಸುಗಳು, ರೋಗಿಗಳು ಎಲ್ಲರ ಎದುರಿಗೇ ನಾನು ಅವ್ವನ ಮೇಲೆ ಹರಿಹಾಯ್ದೆ. "ನಿನ್ನ ಕೈಯಾಗ ಕೂಸಿನ್ನ ಬಿಟ್ಟ ಹೋಗಿದ್ದ ತಪ್ಪಾತು," ಅಂದೆ. ಇನ್ನೂ ಏನೇನೋ ಅಂದೆ. ಅದನ್ನೆಲ್ಲ ಹೇಳಲು ಬಾಯಿ ಬರುವುದಿಲ್ಲ.

ಅವ್ವ ತಲೆ ಎತ್ತಲಿಲ್ಲ. "ಸಕ್ಕರಿಗಿಂತ ಸಿಹಿ ಐತಿ ಅಂತ ನೀನ ಹೇಳಿದ್ದ್ಯಲ್ಲಪಾ," ಅಂದಳು.

ಡಾಕ್ಟರು ಆಮೇಲೆ ನನ್ನನ್ನು ಒಳಗೆ ಕರೆದು, ಮನೆಯ ಪ್ರತಿಯೊಬ್ಬರಿಗೂ ಸರಿಯಾಗಿ ಕಲಿಸಬೇಕಾದವರು ಯಾರು ಎಂದು ಕೇಳಿದರು. ಉತ್ತರ ಗೊತ್ತಿತ್ತು. ಸಂಜೆ ಮನೆಗೆ ಬಂದು ಡಬ್ಬಿಗಳಿಗೆಲ್ಲ ದಪ್ಪಕ್ಷರದ ಚೀಟಿ ಅಂಟಿಸಿದೆ, ಬಾಗಿಲ ಪಕ್ಕ ಗ್ಲೂಕೋಸಿನ ಪೊಟ್ಟಣ ತೂಗುಹಾಕಿದೆ. ಚೀಟಿ ಅಂಟಿಸುವುದು ಸುಲಭ. ಅವ್ವನ ಮುಂದೆ ನಿಂತು ಒಂದು ಮಾತು ಹೇಳುವುದು ಮಾತ್ರ ಇವತ್ತು ನಾಳೆ ಎಂದು ಮುಂದಕ್ಕೆ ಹೋಯಿತು. ಅಂದಿನಿಂದ ಅವ್ವ ಪಲ್ಲವಿಗೆ ತನ್ನ ಕೈಯಾರೆ ಏನನ್ನೂ ಕೊಡಲಿಲ್ಲ. ರೊಟ್ಟಿ ಬಡಿಯುತ್ತಾಳೆ, ತಾಟಿಗೆ ಸುಜಾತಾಳೇ ಹಾಕಬೇಕು. ಹುಡುಗಿ ನೀರು ಕೇಳಿದರೂ, "ನಿಮ್ಮಪ್ಪನ್ನ ಕೇಳವಾ," ಅನ್ನುತ್ತಾಳೆ. ಮೊದಮೊದಲು ಪಲ್ಲವಿ ಕಾಡುತ್ತಿದ್ದಳು, ಆಮೇಲೆ ಬಿಟ್ಟಳು. ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ.

ಹೋದ ಭಾನುವಾರಕ್ಕೆ ಬರೋಣ. ನಾನು ಜರಡಿ ಆಡಿಸುತ್ತಿದ್ದೆ, ಅವ್ವ ಬಾಗಿಲ ಹತ್ತಿರ ಬಳ್ಳೊಳ್ಳಿ ಸುಲಿಯುತ್ತ ಕುಳಿತಿದ್ದಳು. ಬಹಳ ಹೊತ್ತು ಜರಡಿಯನ್ನೇ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಅಂದಳು:

"ಅವತ್ತ ನಾ ಮೊದಲ ಸಕ್ಕರಿ ಡಬ್ಬಿನ ತಗದಿದ್ದೆ."

ಜರಡಿ ಕೆಳಗಿಟ್ಟೆ.

"ಚಮಚಾನೂ ತುಂಬಿದ್ದೆ. ಮತ್ತ ಸುರುವಿಬಿಟ್ಟೆ."

"ಯಾಕ ಬೇ?"

"ಹಿಂದಿನ ವಾರ ಒಂದ ತುಣುಕ ಶೇಂಗಾ ಹೋಳಗಿ ಕೊಟ್ಟಿದ್ದಕ್ಕ ನೀ ತಾಟ ಒಗದಿದ್ದಿ. ಅದು ನೆಪ್ಪಾತು. ಸಕ್ಕರಿ ಕೊಟ್ಟ್ರ ಏನಂತಾನೋ ಅಂತ ಅಂಜಿದೆ. ನೀ ಮಾಡಿದ್ದ ಕೊಟ್ಟ್ರ ಬೈಯಾಂಗಿಲ್ಲ ಅಂತ ಅದನ್ನ ಕೊಟ್ಟೆ."

ತಾಟು ಎಸೆದದ್ದು ನನಗೆ ನೆನಪೇ ಇರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಇರಲಿಲ್ಲ. ಅವಳು ಹೇಳಿದ ಮೇಲೆ ಒಂದೊಂದೇ ಬಂತು: ಗೋಡೆಗೆ ಬಡಿದ ಸ್ಟೀಲಿನ ಸದ್ದು, ನೆಲದ ಮೇಲೆ ಹೋಳಿಗೆ, ಬಗ್ಗಿ ಅದನ್ನು ಆಯ್ದುಕೊಂಡ ಅವ್ವ. ಚೀಟಿ ಅಂಟಿಸದಿದ್ದದ್ದೇ ನನ್ನ ತಪ್ಪು ಎಂದು ಆರು ವರ್ಷ ನಂಬಿಕೊಂಡಿದ್ದೆ. ಅದೊಂಥರಾ ಹಗುರಾದ ತಪ್ಪು. ಅವ್ವನಿಗೆ ಸರಿಯಾದದ್ದು ಗೊತ್ತಿತ್ತು. ಸಕ್ಕರೆ ಅವಳ ಕೈಯಲ್ಲಿತ್ತು. ಅದನ್ನು ವಾಪಸು ಡಬ್ಬಿಗೆ ಸುರಿಸಿದ್ದು ನಾನು, ಊರಾಚೆಯ ಕಾಲೇಜಿನಲ್ಲಿ ನಿಂತುಕೊಂಡು.

"ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲ."

ಕೈತುಂಬ ಕೋಕೋ. ಕಣ್ಣೊರೆಸಿಕೊಳ್ಳಲೂ ಬರುವಂತಿರಲಿಲ್ಲ. "ತಪ್ಪಾತ ಯವ್ವಾ," ಅಂದೆ. "ಆಸ್ಪತ್ರಿಯಾಗ ಅಂದದ್ದು, ಅದಕ್ಕಿಂತ ಮೊದಲ ಮಾಡಿದ್ದು, ಎಲ್ಲಾ ನಂದ ತಪ್ಪು."

ಅವ್ವ ಎರಡು ಎಸಳು ಸುಲಿದಳು. ಆಮೇಲೆ ಕೇಳಿದಳು, "ಇನ್ನೊಮ್ಮೆ ಹಂಗ ಆದ್ರ ನಾ ಏನ ಮಾಡ್ಲಿ?"

ಮೇಷ್ಟ್ರ ಬಾಯಿ ಸುಮ್ಮನಿರುತ್ತದೆಯೇ? ಮೊದಲು ರಕ್ತ ಪರೀಕ್ಷೆ, ಆಮೇಲೆ ಗ್ಲೂಕೋಸು ಎಂದು ಶುರುಮಾಡಿದವನು ಅರ್ಧಕ್ಕೇ ನಿಲ್ಲಿಸಿದೆ. "ನಿನಗ ಸಕ್ಕರಿ ಕೊಡಬೇಕು ಅನಿಸಿತ್ತಲ್ಲ, ಅದ ಸರಿ ಇತ್ತು. ನನ್ನ ಅಂಜಬ್ಯಾಡ," ಅಂದೆ.

ಅಷ್ಟರಲ್ಲಿ ಪಲ್ಲವಿ ತಲೆ ಒರೆಸಿಕೊಳ್ಳುತ್ತ ಬಂದಳು. ಈಗ ಹದಿನೈದು. ತನ್ನ ರಕ್ತ ಪರೀಕ್ಷೆ, ತನ್ನ ಸೂಜಿ ಎಲ್ಲ ತಾನೇ ನೋಡಿಕೊಳ್ಳುತ್ತಾಳೆ. "ಹಾಲ ಕಾಸೀರೇನು?" ಎಂದಳು, ಯಾರನ್ನೂ ನೋಡದೆ. ನಾನು ಏಳಬೇಕೆನ್ನುವಷ್ಟರಲ್ಲಿ ಅವ್ವ ಮೊಣಕಾಲಿಗೆ ಕೈಯೂರಿ ಎದ್ದಳು. ಒಲೆ ಹಚ್ಚಿದಳು. ಹೊಸ ಪುಡಿಯನ್ನು ತಣ್ಣನೆಯ ಹಾಲಿನಲ್ಲಿ ಮೊದಲು ಕದಡಿಕೊಂಡು, ಬಿಸಿ ಹಾಲು ಸುರಿದು, ಲೋಟವನ್ನು ಸೆರಗಿನಲ್ಲಿ ಹಿಡಿದು ಮೊಮ್ಮಗಳ ಕೈಗೆ ಕೊಟ್ಟಳು. ಪಲ್ಲವಿ ಒಂದು ಕ್ಷಣ ಲೋಟ ನೋಡಿದಳು, ಒಂದು ಕ್ಷಣ ಆಯಿಯನ್ನು. ಆಮೇಲೆ ಕುಡಿದಳು.

"ಶುಂಠಿ ಜಾಸ್ತಿ ಆಗೇತಿ ಆಯಿ."

"ನಿಮ್ಮಪ್ಪ ಹಾಕ್ಯಾನ. ಅವನ್ನ ಬೈ."

ಬೈದಳು. ಇಬ್ಬರೂ ಸೇರಿ ಬೈದರು. ಸುಮ್ಮನೆ ಕುಳಿತು ಬೈಸಿಕೊಂಡೆ.